ಮದ್ದಿನ ಕಾಳಿನ ಆಕಾರ: ಕೋವಿ, ಫಿರಂಗಿಗಳ ಒಡಲಿನೊಳಗಿನ ಬೆಂಕಿಯ ಲೆಕ್ಕ

1844ರ ಫೆಬ್ರವರಿ 28ರಂದು ಅಮೆರಿಕದ ಪೊಟೊಮ್ಯಾಕ್ ನದಿಯಲ್ಲಿ ‘ಪ್ರಿನ್ಸ್‌ಟನ್’ ಎಂಬ ಹೊಸ ಯುದ್ಧನೌಕೆ ಗಣ್ಯರನ್ನು ಹೊತ್ತು ವಿಹಾರಕ್ಕೆ ಹೊರಟಿತ್ತು. ಅಧ್ಯಕ್ಷ ಜಾನ್ ಟೈಲರ್, ಅವರ ಸಂಪುಟದ ಸದಸ್ಯರು, ಅವರ ಕುಟುಂಬದವರು ಸೇರಿ ಸುಮಾರು 400 ಮಂದಿ ಹಡಗಿನಲ್ಲಿದ್ದರು. ಅಂದಿನ ಮುಖ್ಯ ಆಕರ್ಷಣೆ 12 ಅಂಗುಲ ಬಾಯಿಯ, 12 ಟನ್‌ಗೂ ಹೆಚ್ಚು ತೂಗುವ ಕಬ್ಬಿಣದ ಫಿರಂಗಿ. ಅದರ ಹೆಸರು ‘ಪೀಸ್‌ಮೇಕರ್’, ಎಂದರೆ ಶಾಂತಿದೂತ. ಕೆಲವು ಸಲ ಯಶಸ್ವಿಯಾಗಿ ಹಾರಿಸಿದ ಬಳಿಕ ಅತಿಥಿಗಳ ಒತ್ತಾಯದ ಮೇರೆಗೆ ಇನ್ನೊಮ್ಮೆ ಹಾರಿಸಿದಾಗ ಫಿರಂಗಿಯೇ ಸಿಡಿಯಿತು. ವಿದೇಶಾಂಗ ಸಚಿವ ಏಬೆಲ್ ಅಪ್‌ಷರ್, ನೌಕಾ ಸಚಿವ ಥಾಮಸ್ ಗಿಲ್ಮರ್, ಹಾಗೂ ಅಧ್ಯಕ್ಷರ ಸೇವೆಯಲ್ಲಿದ್ದ ಆರ್ಮಿಸ್ಟೆಡ್ ಎಂಬ ಗುಲಾಮ ಸೇರಿ ಆರು ಮಂದಿ ಸತ್ತರು. ಟೈಲರ್ ಆ ಹೊತ್ತಿಗೆ ಕೆಳ ಅಂತಸ್ತಿನಲ್ಲಿದ್ದುದರಿಂದ ಬದುಕಿಕೊಂಡರು.

ತನಿಖೆ ನಡೆಸಿದವರು ಕಬ್ಬಿಣವನ್ನು ಪರೀಕ್ಷಿಸಿದರು. ಬೆಸುಗೆ ಸರಿಯಿರಲಿಲ್ಲ, ಲೋಹ ದುರ್ಬಲವಾಗಿತ್ತು ಎಂದು ವರದಿಯಾಯಿತು. ಅದು ಸುಳ್ಳಲ್ಲ. ಆದರೆ ಕಬ್ಬಿಣವನ್ನು ಒಡೆದ ಒತ್ತಡ ಎಲ್ಲಿಂದ ಬಂತು, ಅದು ಅಷ್ಟೇಕಿತ್ತು, ಅದನ್ನು ಕಡಿಮೆ ಮಾಡಲಾಗದೆ ಎಂಬ ಪ್ರಶ್ನೆಯನ್ನು ಆಗ ಹೆಚ್ಚು ಮಂದಿ ಕೇಳಲಿಲ್ಲ. ಆ ಪ್ರಶ್ನೆಗೆ ಮುಂದಿನ ಎರಡು ದಶಕಗಳಲ್ಲಿ ದೊರೆತ ಉತ್ತರ ಮದ್ದಿನ ರಾಸಾಯನಿಕ ಮಿಶ್ರಣಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಅದು ಮದ್ದಿನ ಕಾಳಿನ ಗಾತ್ರ ಮತ್ತು ಆಕಾರಕ್ಕೆ ಸಂಬಂಧಿಸಿತ್ತು. ಇಂದು ಸೈನಿಕನ ರೈಫಲ್ಲಿನ ತೋಟಾದಿಂದ ಹಿಡಿದು 155 ಮಿಲಿಮೀಟರ್ ಫಿರಂಗಿಯವರೆಗೆ ಪ್ರತಿಯೊಂದು ಆಯುಧದ ಮದ್ದು ಆ ಉತ್ತರವನ್ನೇ ಅವಲಂಬಿಸಿದೆ.

ಸ್ಫೋಟವಲ್ಲ, ದಹನ

ಕೋವಿಯೊಳಗೆ ಮದ್ದು ಸಿಡಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ಉರಿಯುತ್ತದೆ. ಗುಂಡು ರೈಫಲ್ಲಿನ ನಳಿಗೆಯನ್ನು ದಾಟಲು ಹಿಡಿಯುವ ಕಾಲ ಸುಮಾರು ಸೆಕೆಂಡಿನ ಸಾವಿರದ ಒಂದು ಭಾಗ. ಅಷ್ಟು ಅಲ್ಪಾವಧಿಯಲ್ಲಿ ನಡೆದರೂ ಅದು ದಹನವೇ. ಸೌದೆ ಹೇಗೆ ಹೊರಗಿನಿಂದ ಒಳಕ್ಕೆ ಉರಿಯುತ್ತದೆಯೋ ಹಾಗೆಯೇ ಮದ್ದಿನ ಪ್ರತಿಯೊಂದು ಕಾಳೂ ತನ್ನ ಮೇಲ್ಮೈಯಿಂದ ಒಳಕ್ಕೆ, ಪದರ ಪದರವಾಗಿ ಉರಿಯುತ್ತದೆ. ಉರಿದ ಪದರ ಅನಿಲವಾಗುತ್ತದೆ, ಅನಿಲ ಗುಂಡನ್ನು ನೂಕುತ್ತದೆ. ಉರಿಯು ಎಲ್ಲ ಮೇಲ್ಮೈಗಳಲ್ಲಿಯೂ ಸಮಾನಾಂತರ ಪದರಗಳಲ್ಲಿ ಒಳಗೆ ಸಾಗುತ್ತದೆ ಎಂಬ ನಿಯಮವನ್ನು 1839ರಲ್ಲಿ ಫ್ರೆಂಚ್ ಸೇನಾಧಿಕಾರಿ ಗಿಯೋಮ್ ಪಿಯೊಬೆರ್ ನಿರೂಪಿಸಿದರು. ಇದನ್ನು ಇಂದಿಗೂ ಪಿಯೊಬೆರ್ ನಿಯಮವೆಂದೇ ಕರೆಯಲಾಗುತ್ತದೆ.

ಈ ನಿಯಮವನ್ನು ಒಪ್ಪಿದರೆ ಉಳಿದುದು ಜ್ಯಾಮಿತಿ. ಯಾವುದೇ ಕ್ಷಣದಲ್ಲಿ ಎಷ್ಟು ಅನಿಲ ಹುಟ್ಟುತ್ತದೆ ಎಂಬುದು ಆ ಕ್ಷಣದಲ್ಲಿ ಎಷ್ಟು ಮೇಲ್ಮೈ ಉರಿಯುತ್ತಿದೆ ಎಂಬುದನ್ನು ಅವಲಂಬಿಸುತ್ತದೆ. ಒಂದು ಸೆಂಟಿಮೀಟರ್ ಬದಿಯ ಘನಾಕೃತಿಯ ಮದ್ದಿನ ತುಂಡೊಂದಿದೆ ಎಂದುಕೊಳ್ಳೋಣ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಬದಿಯ ಸಾವಿರ ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್ ಆಗುತ್ತದೆ. ತೂಕ ಅದೇ, ಮಿಶ್ರಣ ಅದೇ. ಆದರೆ ಹೊತ್ತಿದ ಮೊದಲ ಕ್ಷಣದಲ್ಲಿ ಹುಟ್ಟುವ ಅನಿಲ ಹತ್ತು ಪಟ್ಟು. ಒಲೆಗೆ ಕೊರಡನ್ನು ಇಡುವುದಕ್ಕೂ ಅದನ್ನೇ ಸೀಳಿ ಪುರಲೆ ಮಾಡಿ ಇಡುವುದಕ್ಕೂ ಇರುವ ವ್ಯತ್ಯಾಸವೇ ಇದು.

ಇದರ ಮೇಲೆ ಇನ್ನೊಂದು ತೊಡಕಿದೆ. ಒತ್ತಡ ಏರಿದಂತೆ ಮದ್ದು ಇನ್ನೂ ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದರೆ ಒತ್ತಡ ಮತ್ತೂ ಏರುತ್ತದೆ. ಬಯಲಿನಲ್ಲಿ ಸುರಿದು ಹೊತ್ತಿಸಿದ ಹೊಗೆರಹಿತ ಮದ್ದು ನಿಧಾನವಾಗಿ ಹಳದಿ ಜ್ವಾಲೆಯಿಂದ ಉರಿದು ಮುಗಿಯುತ್ತದೆ. ಅದೇ ಮದ್ದು ತೋಟಾದೊಳಗೆ ಸಾವಿರಾರು ಪಟ್ಟು ವಾಯುಭಾರವನ್ನು ಉಂಟುಮಾಡುತ್ತದೆ. ಆದ್ದರಿಂದ ಆರಂಭದಲ್ಲಿ ಮೇಲ್ಮೈ ಸ್ವಲ್ಪ ಹೆಚ್ಚಾದರೂ ಒತ್ತಡದ ಶಿಖರ ಅದಕ್ಕಿಂತ ಬಹಳ ಹೆಚ್ಚು ಮೇಲೇರುತ್ತದೆ.

ಹುಡಿಯಿಂದ ಕಾಳಿಗೆ

ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಅರೆದು ಬೆರೆಸಿದ ಕರಿಮದ್ದು ಮೊದಮೊದಲು ಬರಿಯ ಹುಡಿಯಾಗಿತ್ತು. ಮೇಲಿನ ಲೆಕ್ಕವನ್ನು ಓದಿದವರಿಗೆ ಹುಡಿಯೇ ಅತ್ಯಂತ ವೇಗವಾಗಿ ಉರಿಯಬೇಕಲ್ಲವೆ ಎನ್ನಿಸುವುದು ಸಹಜ. ಹಾಗಾಗುತ್ತಿರಲಿಲ್ಲ. ಒತ್ತೊತ್ತಾಗಿ ಕೂತ ಹುಡಿಯಲ್ಲಿ ಕಣಗಳ ನಡುವೆ ಜ್ವಾಲೆ ನುಗ್ಗಲು ಸಂದಿಯಿಲ್ಲ. ಬೆಂಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸಾಗುತ್ತಿತ್ತು. ಗಟ್ಟಿಯಾಗಿ ತುಂಬಿದರೆ ಒಂದು ಬಗೆ, ಸಡಿಲವಾಗಿ ತುಂಬಿದರೆ ಇನ್ನೊಂದು ಬಗೆ. ಸಾಲದ್ದಕ್ಕೆ ಗಾಡಿಯ ಕುಲುಕಾಟದಲ್ಲಿ ಮೂರು ಘಟಕಗಳೂ ಬೇರ್ಪಡುತ್ತಿದ್ದವು.

ಯುರೋಪಿನಲ್ಲಿ 15ನೇ ಶತಮಾನದಲ್ಲಿ ಮದ್ದನ್ನು ಒದ್ದೆ ಮಾಡಿ, ಒತ್ತಿ, ಒಡೆದು ಕಾಳಾಗಿಸುವ ಪದ್ಧತಿ ಬಳಕೆಗೆ ಬಂತು. ಕಾಳುಗಳ ನಡುವಿನ ಸಂದಿಗಳಲ್ಲಿ ಜ್ವಾಲೆ ನುಗ್ಗಿ ಎಲ್ಲ ಕಾಳುಗಳನ್ನೂ ಬಹುತೇಕ ಒಟ್ಟಿಗೆ ಹೊತ್ತಿಸುತ್ತಿತ್ತು. ಫಲವಾಗಿ ಅದೇ ತೂಕದ ಮದ್ದು ಎಷ್ಟು ಬಲಶಾಲಿಯಾಯಿತೆಂದರೆ, ಹಳೆಯ ಫಿರಂಗಿಗಳಿಗೆ ಅದನ್ನು ತುಂಬುವಾಗ ಪ್ರಮಾಣ ಕಡಿಮೆ ಮಾಡಬೇಕಾಯಿತು. ಇಲ್ಲವಾದರೆ ನಳಿಗೆ ಸೀಳುವ ಭಯವಿತ್ತು.

ಮೈಸೂರಿನ ರಾಕೆಟ್‌ಗಳನ್ನು ಇಲ್ಲಿ ನೆನೆಯಬಹುದು. ಹೈದರ್, ಟಿಪ್ಪು ಅವರ ಸೇನೆ ಬಳಸಿದ ಕಬ್ಬಿಣದ ಕೊಳವೆಯ ರಾಕೆಟ್‌ಗಳಲ್ಲಿ ತುಂಬಿದ್ದುದೂ ಕರಿಮದ್ದೇ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರ ಜುಲೈನಲ್ಲಿ ಪಾಳುಬಾವಿಯೊಂದರಿಂದ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ದೊರೆತದ್ದನ್ನು ಓದುಗರು ಮರೆತಿರಲಾರರು. ಕೋವಿಗೆ ಬೇಕಾದುದು ಸಂದಿಯಿರುವ ಕಾಳು. ರಾಕೆಟ್‌ಗೆ ಬೇಕಾದುದು ಸಂದಿಯೇ ಇಲ್ಲದಂತೆ ಜಡಿದು ತುಂಬಿದ ಗಟ್ಟಿ ಮದ್ದು. ಕೊಳವೆಯೊಳಗಿನ ಮದ್ದಿನಲ್ಲಿ ಬಿರುಕು ಬಿಟ್ಟು ಜ್ವಾಲೆ ಒಳನುಗ್ಗಿದರೆ ರಾಕೆಟ್ ಹಾರುವ ಬದಲು ಒಡೆಯುತ್ತದೆ. ಒಂದೇ ಮದ್ದು ನೂಕುವುದೋ ಒಡೆಯುವುದೋ ಎಂಬುದನ್ನು ಅದರ ರೂಪ ನಿರ್ಧರಿಸುತ್ತದೆಂಬುದಕ್ಕೆ ನಮ್ಮ ನೆಲದಲ್ಲೇ ಸಿಗುವ ನಿದರ್ಶನವಿದು.

ದೊಡ್ಡ ಬಾಯಿಯ ಸಮಸ್ಯೆ

ಕೈಕೋವಿಗೆ ಸಣ್ಣ ಕಾಳು, ಫಿರಂಗಿಗೆ ದಪ್ಪ ಕಾಳು ಎಂಬ ಸ್ಥೂಲ ವಿಭಜನೆ ಬಹುಕಾಲ ಸಾಕಾಗಿತ್ತು. ಆದರೆ ಇದರ ಹಿಂದಿನ ಕಾರಣ ಸ್ಪಷ್ಟವಿರಲಿಲ್ಲ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಗ್ರಂಥ ಫಿರಂಗಿ ಶಾಸ್ತ್ರಕ್ಕೆ ತಳಹದಿ ಹಾಕಿತು. ತೂಗಾಡುವ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದೆ ಸರಿಯಿತೆಂದು ಅಳೆದು ಗುಂಡಿನ ವೇಗವನ್ನು ಕಂಡುಹಿಡಿಯುವ ವಿಧಾನ ಅವರದು. (ಇದೇ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.) ಗುಂಡು ಗಮನಾರ್ಹವಾಗಿ ಚಲಿಸುವ ಮೊದಲೇ ಮದ್ದೆಲ್ಲ ಅನಿಲವಾಗಿ ಬಿಡುತ್ತದೆ ಎಂದು ರಾಬಿನ್ಸ್ ಭಾವಿಸಿದ್ದರು. ಕೈಕೋವಿಯ ಸಣ್ಣ ಕಾಳಿಗೆ ಈ ಊಹೆ ತಕ್ಕಮಟ್ಟಿಗೆ ಹೊಂದುತ್ತದೆ. ಆದರೆ ಊಹೆಯನ್ನು ಪೂರ್ಣ ಸತ್ಯವೆಂದು ಒಪ್ಪಿದರೆ ಕಾಳಿನ ಆಕಾರಕ್ಕೆ ಯಾವ ಮಹತ್ವವೂ ಉಳಿಯುವುದಿಲ್ಲ.

ದೊಡ್ಡ ಫಿರಂಗಿಯಲ್ಲಿ ಸಂಗತಿ ಬೇರೆ. ನಳಿಗೆಯ ಅಡ್ಡಳತೆ ಇಮ್ಮಡಿಯಾದರೆ ಅನಿಲ ನೂಕಬಲ್ಲ ಕ್ಷೇತ್ರ ನಾಲ್ಕು ಪಟ್ಟಾಗುತ್ತದೆ. ಆದರೆ ಉಂಡೆಯ ತೂಕ ಎಂಟು ಪಟ್ಟಾಗುತ್ತದೆ. ಆದ್ದರಿಂದ ದೊಡ್ಡ ಉಂಡೆ ಬೇಗ ಕದಲುವುದಿಲ್ಲ. ಅದು ಕದಲುವ ಮುನ್ನವೇ ಮದ್ದೆಲ್ಲ ಉರಿದರೆ ಅನಿಲಕ್ಕೆ ಹಿಗ್ಗಲು ಜಾಗವಿರುವುದಿಲ್ಲ. ಒತ್ತಡವೆಲ್ಲ ಫಿರಂಗಿಯ ಬುಡದ ಗೋಡೆಗಳ ಮೇಲೆ ಬೀಳುತ್ತದೆ. ವಿಜಯಪುರದ ‘ಮಲಿಕ್-ಎ-ಮೈದಾನ್’ ನೋಡಿದವರಿಗೆ ಈ ಮಾತು ಅರ್ಥವಾದೀತು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಹೊಯ್ದ ಸುಮಾರು 55 ಟನ್ ತೂಕದ ಆ ತೋಪಿನ ಗೋಡೆಯ ದಪ್ಪ ಬರಿಯ ಆಡಂಬರಕ್ಕಲ್ಲ. ಒಳಗಿನ ಒತ್ತಡವನ್ನು ನಿಯಂತ್ರಿಸುವ ಉಪಾಯ ತಿಳಿಯದ ಕಾಲದಲ್ಲಿ ಲೋಹವನ್ನು ದಪ್ಪ ಮಾಡುವುದೊಂದೇ ದಾರಿಯಾಗಿತ್ತು.

ಆದರ್ಶ ಮದ್ದು ಮಾಡಬೇಕಾದುದು ಇದರ ತದ್ವಿರುದ್ಧ ಕೆಲಸ. ಉಂಡೆ ನಿಂತಿರುವಾಗ ಸ್ವಲ್ಪ ಅನಿಲ, ಅದು ಓಡತೊಡಗಿದಂತೆ ಹೆಚ್ಚು ಹೆಚ್ಚು ಅನಿಲ. ಆದರೆ ಗುಂಡನೆಯ ಕಾಳಾಗಲಿ ಘನಾಕೃತಿಯ ಕಾಳಾಗಲಿ ಹಾಗೆ ವರ್ತಿಸುವುದಿಲ್ಲ. ಗುಂಡನೆಯ ಕಾಳಿನ ತ್ರಿಜ್ಯ ಅರ್ಧಕ್ಕಿಳಿದಾಗ ಅದರ ಮೇಲ್ಮೈ ನಾಲ್ಕನೇ ಒಂದಕ್ಕೆ ಇಳಿದಿರುತ್ತದೆ, ಮದ್ದಿನ ಎಂಟನೇ ಏಳು ಭಾಗ ಆಗಲೇ ಮುಗಿದಿರುತ್ತದೆ. ಆರಂಭದಲ್ಲಿ ಅಬ್ಬರ, ಕೊನೆಯಲ್ಲಿ ನಿತ್ರಾಣ. ಶಾಸ್ತ್ರಜ್ಞರು ಇದನ್ನು ಇಳಿಮುಖ ದಹನ ಎನ್ನುತ್ತಾರೆ.

ರಾಡ್‌ಮನ್‌ರ ಮಾಪಕ

ಈ ಗಂಟನ್ನು ಬಿಡಿಸಿದವರು ಅಮೆರಿಕದ ಸೇನಾ ಶಸ್ತ್ರಾಸ್ತ್ರ ವಿಭಾಗದ ಅಧಿಕಾರಿ ಥಾಮಸ್ ಜಾಕ್ಸನ್ ರಾಡ್‌ಮನ್. 1815ರಲ್ಲಿ ಇಂಡಿಯಾನಾದಲ್ಲಿ ಜನಿಸಿದ ಅವರು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಕಲಿತವರು. ಪ್ರಿನ್ಸ್‌ಟನ್ ದುರಂತದ ಬಳಿಕ ಅವರೂ ಎಲ್ಲರಂತೆ ಮೊದಲು ಕಬ್ಬಿಣದತ್ತಲೇ ಗಮನ ಹರಿಸಿದರು. ಎರಕದ ಫಿರಂಗಿ ಹೊರಗಿನಿಂದ ತಣ್ಣಗಾದರೆ ಒಳಭಾಗದಲ್ಲಿ ದೌರ್ಬಲ್ಯ ಉಳಿಯುತ್ತದೆ ಎಂದು ತರ್ಕಿಸಿ, ಟೊಳ್ಳಾಗಿ ಎರಕಹೊಯ್ದು ಒಳಗಿನಿಂದ ನೀರು ಹರಿಸಿ ತಣಿಸುವ ವಿಧಾನ ರೂಪಿಸಿ 1847ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಪಿಟ್ಸ್‌ಬರ್ಗಿನ ಫೋರ್ಟ್ ಪಿಟ್ ಎರಕಶಾಲೆಯಲ್ಲಿ ಎರಡೂ ಬಗೆಯ ಫಿರಂಗಿಗಳನ್ನು ಒಡೆಯುವವರೆಗೂ ಹಾರಿಸಿ ನೋಡಲಾಯಿತು. ಟೊಳ್ಳು ಎರಕದ್ದು ಹೆಚ್ಚು ಕಾಲ ಬಾಳಿತು.

ಇಲ್ಲಿಗೇ ನಿಂತಿದ್ದರೆ ರಾಡ್‌ಮನ್ ಒಳ್ಳೆಯ ಎರಕದ ತಜ್ಞರಾಗಿ ಉಳಿಯುತ್ತಿದ್ದರು. ಅವರು ಮುಂದಿನ ಹೆಜ್ಜೆ ಇಟ್ಟರು. ಅದುವರೆಗೆ ಅಳೆಯುತ್ತಿದ್ದುದು ನಳಿಗೆಯಿಂದ ಹೊರಬಿದ್ದ ಉಂಡೆಯ ವೇಗವನ್ನು ಮಾತ್ರ. ಒಳಗೆ ಲೋಹದ ಮೇಲೆ ಬೀಳುವ ಒತ್ತಡ ಎಷ್ಟೆಂಬುದು ಊಹೆಯ ವಿಷಯವಾಗಿತ್ತು. ರಾಡ್‌ಮನ್ ಫಿರಂಗಿಯ ಗೋಡೆಗೆ ರಂಧ್ರ ಕೊರೆದು, ಅದರಲ್ಲಿ ಕೊರಡಿನಂತಹ ಉಕ್ಕಿನ ಬೆಣೆಯೊಂದನ್ನು ಕೂರಿಸಿ, ಬೆಣೆಯ ಹರಿತವಾದ ತುದಿ ತಾಮ್ರದ ತಗಡಿನ ಮೇಲೆ ಊರುವಂತೆ ಮಾಡಿದರು. ಮದ್ದು ಉರಿದಾಗ ಅನಿಲ ಬೆಣೆಯನ್ನು ಹೊರಕ್ಕೆ ತಳ್ಳುತ್ತಿತ್ತು, ತಾಮ್ರದ ಮೇಲೆ ಗಾಯ ಮೂಡುತ್ತಿತ್ತು. ಗಾಯ ಉದ್ದವಾದಷ್ಟೂ ಒತ್ತಡ ಹೆಚ್ಚು. ಅಂತಹುದೇ ಗಾಯವನ್ನು ತಿಳಿದ ಭಾರದಿಂದ ಮಾಡಿ ಹೋಲಿಸಿದರೆ ಒತ್ತಡದ ಪ್ರಮಾಣ ಸಿಗುತ್ತಿತ್ತು. ಇಷ್ಟು ಸರಳವಾದ ಉಪಕರಣ ಇಷ್ಟು ತಡವಾಗಿ ಹುಟ್ಟಿತೆಂಬುದೇ ಆಶ್ಚರ್ಯ.

1850ರ ದಶಕದ ಕೊನೆಯಲ್ಲಿ ನಡೆದ ಈ ಪ್ರಯೋಗಗಳು ಎರಡು ಸಂಗತಿಗಳನ್ನು ತೋರಿಸಿಕೊಟ್ಟವು. ನಳಿಗೆಯ ಅಡ್ಡಳತೆ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ ಎಂಬುದು ಮೊದಲನೆಯದು. ಮದ್ದಿನ ಕಾಳನ್ನು ದೊಡ್ಡದು ಮಾಡಿದರೆ ಒತ್ತಡ ಗಣನೀಯವಾಗಿ ಇಳಿಯುತ್ತದೆ, ಆದರೆ ಉಂಡೆಯ ವೇಗ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ ಎಂಬುದು ಎರಡನೆಯದು. ಎರಡನೆಯ ಸಂಗತಿ ನಿಜಕ್ಕೂ ಕ್ರಾಂತಿಕಾರಿ. ನಳಿಗೆಯನ್ನು ಒಡೆಯುವುದು ಒತ್ತಡದ ಶಿಖರ. ಉಂಡೆಯನ್ನು ಓಡಿಸುವುದು ನಳಿಗೆಯ ಉದ್ದಕ್ಕೂ ಬಿದ್ದ ಒಟ್ಟು ನೂಕು. ಎರಡನ್ನೂ ಬೇರ್ಪಡಿಸಬಹುದು ಎಂದಾಯಿತು. ರಾಡ್‌ಮನ್‌ರ ವರದಿ 1861ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾಯಿತು. ಅವರ 15 ಅಂಗುಲದ ಬೃಹತ್ ಫಿರಂಗಿಗಳಿಗೆಂದು ‘ಮ್ಯಾಮತ್’ ಎಂಬ ಹೆಸರಿನ ದಪ್ಪ ಕಾಳಿನ ಮದ್ದು ತಯಾರಾಯಿತು.

ಹೊಟ್ಟಿನ ಒಲೆಯ ತತ್ತ್ವ

ಕಾಳನ್ನು ದೊಡ್ಡದು ಮಾಡುವುದರಿಂದ ಆರಂಭದ ಅಬ್ಬರ ತಗ್ಗಿತೇ ಹೊರತು ಇಳಿಮುಖದ ಗುಣ ಹೋಗಲಿಲ್ಲ. ರಾಡ್‌ಮನ್ ಅದಕ್ಕೂ ಪರಿಹಾರ ಸೂಚಿಸಿದರು: ಮದ್ದನ್ನು ಬಿಲ್ಲೆಯಾಗಿ ಒತ್ತಿ, ಅದರ ಉದ್ದಕ್ಕೂ ತೂತುಗಳನ್ನು ಕೊರೆಯುವುದು.

ಹಿಂದೆ ನಮ್ಮ ಮನೆಗಳಲ್ಲಿದ್ದ ಮರದ ಹೊಟ್ಟಿನ ಒಲೆಯನ್ನು ಬಲ್ಲವರಿಗೆ ಇದರ ಮರ್ಮ ಕೂಡಲೇ ಹೊಳೆಯುತ್ತದೆ. ತಗಡಿನ ಡಬ್ಬದ ನಡುವೆ ಸೀಸೆಯನ್ನೋ ಕೋಲನ್ನೋ ನಿಲ್ಲಿಸಿ, ಸುತ್ತ ಹೊಟ್ಟನ್ನು ಜಡಿದು ತುಂಬಿ, ಸೀಸೆಯನ್ನು ಹೊರತೆಗೆದರೆ ನಡುವೆ ಒಂದು ತೂತು ಉಳಿಯುತ್ತದೆ. ಬೆಂಕಿ ಆ ತೂತಿನ ಗೋಡೆಯಿಂದ ಹೊರಕ್ಕೆ ಉರಿಯುತ್ತದೆ. ಹೊತ್ತು ಕಳೆದಂತೆ ತೂತು ಅಗಲವಾಗುತ್ತದೆ, ಉರಿಯುವ ಗೋಡೆ ದೊಡ್ಡದಾಗುತ್ತದೆ. ಹೊರಗಿನಿಂದ ಉರಿಯುವ ವಸ್ತು ಕುಗ್ಗುತ್ತದೆ. ಒಳಗಿನಿಂದ ಉರಿಯುವ ತೂತು ಹಿಗ್ಗುತ್ತದೆ.

ಇವೆರಡನ್ನೂ ಒಂದೇ ಕಾಳಿನಲ್ಲಿ ಸೇರಿಸಿದರೆ ಏನಾಗುತ್ತದೆ ಎಂಬುದು ಶಾಲೆಯ ಗಣಿತ. 10 ಮಿಲಿಮೀಟರ್ ಹೊರ ವ್ಯಾಸ, 2 ಮಿಲಿಮೀಟರ್ ಒಳ ವ್ಯಾಸದ ಕೊಳವೆಯಾಕಾರದ ಕಾಳನ್ನು ತೆಗೆದುಕೊಳ್ಳೋಣ. ಎಲ್ಲೆಡೆ ಒಂದು ಮಿಲಿಮೀಟರ್ ಉರಿದಾಗ ಹೊರ ವ್ಯಾಸ 8ಕ್ಕೆ ಇಳಿಯುತ್ತದೆ, ಒಳ ವ್ಯಾಸ 4ಕ್ಕೆ ಏರುತ್ತದೆ. ಮೊದಲೂ ಮೊತ್ತ 12, ಆಮೇಲೂ 12. ಅಂದರೆ ತುದಿಗಳ ಅಲ್ಪ ಸವೆತವನ್ನು ಬಿಟ್ಟರೆ ಉರಿಯುವ ಮೇಲ್ಮೈ ಕೊನೆಯವರೆಗೂ ಬದಲಾಗುವುದಿಲ್ಲ. ಒಂದು ತೂತಿನ ಬದಲು ಏಳು ತೂತುಗಳಿದ್ದರೆ, ನಡುವೆ ಒಂದು ಸುತ್ತ ಆರು, ಹಿಗ್ಗುವ ಗೋಡೆಗಳು ಕುಗ್ಗುವ ಹೊರಮೈಯನ್ನು ಮೀರಿಸುತ್ತವೆ. ಸಾಮಾನ್ಯ ಅಳತೆಯ ಏಳು ತೂತಿನ ಕಾಳಿನಲ್ಲಿ, ತೂತುಗಳ ನಡುವಿನ ಗೋಡೆ ಪೂರ್ತಿ ಉರಿಯುವ ಹೊತ್ತಿಗೆ ಮೇಲ್ಮೈ ಆರಂಭದಲ್ಲಿದ್ದುದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಳೆದಿರುತ್ತದೆ. ಇದು ಏರುಮುಖ ದಹನ. ಉಂಡೆ ಓಡಿದಂತೆ ಹೆಚ್ಚು ಅನಿಲ ಬೇಕೆಂಬ ಬೇಡಿಕೆಯನ್ನು ಕಾಳೇ ಪೂರೈಸುತ್ತದೆ.

ಇದಕ್ಕೂ ಒಂದು ಬೆಲೆಯಿದೆ. ಗೋಡೆಗಳು ಉರಿದು ತೂತುಗಳು ಒಂದಕ್ಕೊಂದು ತಾಗಿದಾಗ ನಡುನಡುವೆ ಮೂರು ಮೂಲೆಯ ಚೂರುಗಳು ಉಳಿಯುತ್ತವೆ. ಮದ್ದಿನ ಸುಮಾರು ಶೇ. 15ರಷ್ಟು ಭಾಗ ಈ ಚೂರುಗಳಲ್ಲಿರುತ್ತದೆ. ಅಲ್ಲಿಂದ ಮುಂದೆ ಮೇಲ್ಮೈ ಥಟ್ಟನೆ ಕುಸಿಯುತ್ತದೆ. ಲೆಕ್ಕ ತಪ್ಪಿದರೆ ಚೂರುಗಳು ಉರಿಯದೇ ನಳಿಗೆಯಿಂದ ಹೊರಗೆ ಹಾರಿಹೋಗುತ್ತವೆ.

ತೂತಿನ ಮದ್ದನ್ನು ಅಮೆರಿಕಕ್ಕಿಂತ ಮೊದಲು ಮನಸಾರೆ ಅಪ್ಪಿಕೊಂಡದ್ದು ರಷ್ಯ. ಆರು ಬದಿಯ, ಏಳು ತೂತಿನ ಅಚ್ಚುಗಳನ್ನು ಜೇನುಗೂಡಿನಂತೆ ಒತ್ತಟ್ಟಿಗೆ ಜೋಡಿಸಿ ಚೀಲಕ್ಕೆ ತುಂಬುವ ಪದ್ಧತಿ ಅಲ್ಲಿಂದ ಜರ್ಮನಿ, ಬ್ರಿಟನ್‌ಗಳಿಗೂ ಹಬ್ಬಿತು. 1880ರ ದಶಕದಲ್ಲಿ ಜರ್ಮನಿಯಲ್ಲಿ, ಪೂರ್ತಿ ಸುಡದ ಇದ್ದಿಲು ಬಳಸಿದ ಕಂದುಬಣ್ಣದ, ಒಂದೇ ತೂತಿನ ಅಚ್ಚುಮದ್ದು ಬಂತು. ಮದ್ದು ನಿಧಾನವಾದಂತೆ, ಅದರ ನೂಕನ್ನು ಪೂರ್ಣವಾಗಿ ಪಡೆಯಲು ನಳಿಗೆಗಳು ಉದ್ದವಾದವು. ಉದ್ದವಾದ ನಳಿಗೆಗೆ ಬಾಯಿಯಿಂದ ಮದ್ದು ತುಂಬುವುದು ಹಡಗಿನ ಮೇಲೆ ಅಸಾಧ್ಯವಾದಾಗ ಬ್ರಿಟಿಷ್ ನೌಕಾಪಡೆ ಹಿಂಬದಿಯಿಂದ ತುಂಬುವ ಫಿರಂಗಿಗಳಿಗೆ ಮರಳಿತು. ಕಾಳಿನ ಆಕಾರ ಯುದ್ಧನೌಕೆಯ ಸ್ವರೂಪವನ್ನೇ ಬದಲಿಸಿತೆಂದರೆ ಅತಿಶಯೋಕ್ತಿಯಲ್ಲ.

ಶ್ಯಾವಿಗೆಯಂತೆ ಒತ್ತಿದ ಮದ್ದು

ಆದರೆ ಕರಿಮದ್ದು ಎಂಬುದು ಒತ್ತಿ ಕೂಡಿಸಿದ ಪುಡಿ. ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಹೆಚ್ಚಿನ ಒತ್ತಡದಲ್ಲಿ ಕಾಳು ಒಡೆದರೆ ಜ್ಯಾಮಿತಿಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಪಿಯೊಬೆರ್ ನಿಯಮ ನಿಜವಾಗಿ ಫಲ ಕೊಟ್ಟದ್ದು 1884ರಲ್ಲಿ. ಫ್ರಾನ್ಸಿನ ಪಾಲ್ ವಿಯೆಯ್ ಅವರು ನೈಟ್ರೋಸೆಲ್ಯುಲೋಸನ್ನು ದ್ರಾವಕದಲ್ಲಿ ಕಲಸಿ, ಕೊಂಬಿನಂತೆ ಗಟ್ಟಿಯಾದ, ರಂಧ್ರರಹಿತ ವಸ್ತುವಾಗಿಸಿದರು. ಹೊಗೆಯಿಲ್ಲದ ಈ ಮದ್ದನ್ನು ತೆಳುವಾದ ಹಾಳೆಯಾಗಿ ಲಟ್ಟಿಸಿ ಪುಟ್ಟ ಚೌಕಗಳಾಗಿ ಕತ್ತರಿಸಲಾಯಿತು. 1886ರ ಲೆಬೆಲ್ ರೈಫಲ್ ಇದನ್ನು ಬಳಸಿತು. ತೆಳು ಚೌಕದ ಗುಣವೆಂದರೆ, ಅದರ ದಪ್ಪ ಸವೆದರೂ ಎರಡು ಮುಖಗಳ ವಿಸ್ತೀರ್ಣ ಹೆಚ್ಚುಕಡಿಮೆ ಕೊನೆಯವರೆಗೂ ಹಾಗೆಯೇ ಇರುತ್ತದೆ. ಒತ್ತಡಕ್ಕೂ ದಹನವೇಗಕ್ಕೂ ಇರುವ ಸಂಬಂಧವನ್ನು ಸೂತ್ರರೂಪದಲ್ಲಿ ಕೊಟ್ಟವರೂ ವಿಯೆಯ್ ಅವರೇ.

ಬ್ರಿಟನ್ನಿನಲ್ಲಿ ಫ್ರೆಡರಿಕ್ ಏಬೆಲ್ ಮತ್ತು ಜೇಮ್ಸ್ ಡ್ಯೂವರ್ 1889ರಲ್ಲಿ ರೂಪಿಸಿದ ಮದ್ದಿಗೆ ಅದರ ಆಕಾರದಿಂದಲೇ ಹೆಸರು ಬಂತು. ಹುರಿ ಎಂಬ ಅರ್ಥದ ಇಂಗ್ಲಿಷ್ ಪದದಿಂದ ಹುಟ್ಟಿದ್ದು ಕಾರ್ಡೈಟ್. ಶ್ಯಾವಿಗೆ ಒರಳಿನಲ್ಲಿ ಹಿಟ್ಟನ್ನು ಒತ್ತಿದಂತೆ ಮೃದುವಾದ ಮದ್ದನ್ನು ಅಚ್ಚಿನ ತೂತುಗಳ ಮೂಲಕ ಒತ್ತಿ ಉದ್ದನೆಯ ಎಳೆಗಳನ್ನಾಗಿ ಮಾಡಲಾಗುತ್ತಿತ್ತು. .303 ರೈಫಲ್ಲಿನ ಒಂದು ತೋಟಾದಲ್ಲಿ ಇಂತಹ ಸುಮಾರು 60 ಎಳೆಗಳಿರುತ್ತಿದ್ದವು. ದೊಡ್ಡ ಫಿರಂಗಿಗೆ ಅದೇ ಮದ್ದಿನ ದಪ್ಪ ಕೋಲುಗಳು. ಆಯುಧ ಬದಲಾದರೆ ಮದ್ದನ್ನು ಬದಲಿಸಬೇಕಿಲ್ಲ, ಎಳೆಯ ದಪ್ಪ ಬದಲಿಸಿದರೆ ಸಾಕು ಎಂಬುದು ಇದರ ಅನುಕೂಲ. ಎಳೆಯ ತ್ರಿಜ್ಯ ಅರ್ಧಕ್ಕಿಳಿದಾಗ ಮೇಲ್ಮೈಯೂ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಗುಂಡನೆಯ ಕಾಳಿಗಿಂತ ಇದು ಉತ್ತಮ, ಕೊಳವೆಗಿಂತ ಕೆಳಮಟ್ಟದ್ದು.

ಬೆಂಗಳೂರು, ಮೈಸೂರಿನಿಂದ ಊಟಿಗೆ ಹೋಗಿ ನೀಲಗಿರಿ ರೈಲಿನಲ್ಲಿ ಪಯಣಿಸುವವರು ಕೂನೂರಿನ ಸಮೀಪ ಅರವಂಕಾಡು ನಿಲ್ದಾಣವನ್ನು ಕಂಡಿರುತ್ತಾರೆ. ಅಲ್ಲಿನ ಕಾರ್ಡೈಟ್ ಕಾರ್ಖಾನೆ 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಸ್ಥಾಪಿಸಿದ್ದು. 2021ರ ಅಕ್ಟೋಬರ್‌ನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ವಿಸರ್ಜಿಸಿದಾಗ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಭಾಗವಾಯಿತು. ಹೆಸರಿನಲ್ಲಿ ಹಳೆಯ ಹುರಿಯ ನೆನಪು ಹಾಗೆಯೇ ಉಳಿದಿದೆ.

ವಿಯೆಟ್ನಾಂನಲ್ಲಿ ಕೈಕೊಟ್ಟ ರೈಫಲ್

ಕಾಳಿನ ಆಕಾರ ಪ್ರಯೋಗಶಾಲೆಯ ವಿಷಯವಷ್ಟೇ ಅಲ್ಲ ಎಂಬುದಕ್ಕೆ ಎಂ-16 ರೈಫಲ್ಲಿನ ಪ್ರಕರಣ ಸಾಕ್ಷಿ. ಯೂಜೀನ್ ಸ್ಟೋನರ್ ವಿನ್ಯಾಸಗೊಳಿಸಿದ ಈ ರೈಫಲ್ಲಿನ ತೋಟಾ ಮೂಲತಃ ಕೊಳವೆಯಾಕಾರದ ಪುಟ್ಟ ಕಾಳುಗಳ ಮದ್ದಿನಿಂದ ಪರೀಕ್ಷೆಗೊಳಗಾಗಿತ್ತು. 1964ರಲ್ಲಿ ಅಮೆರಿಕದ ಸೇನೆ ಗುಂಡನೆಯ ಕಾಳಿನ ಮದ್ದಿಗೂ ಅನುಮತಿ ನೀಡಿತು. 1930ರ ದಶಕದಲ್ಲಿ ಬಳಕೆಗೆ ಬಂದ ಈ ಮದ್ದನ್ನು ತಯಾರಿಸುವುದು ಸುಲಭ, ದಾಸ್ತಾನೂ ಹೇರಳವಾಗಿತ್ತು. ಗುಂಡನೆಯ ಕಾಳು ಸ್ವಭಾವತಃ ಇಳಿಮುಖವಾದ್ದರಿಂದ ಅದರ ಹೊರಪದರಕ್ಕೆ ದಹನವನ್ನು ತಡೆಯುವ ರಾಸಾಯನಿಕವನ್ನು ಉಣಿಸಲಾಗುತ್ತದೆ. ಹೊರಪದರ ನಿಧಾನವಾಗಿ, ಒಳತಿರುಳು ವೇಗವಾಗಿ ಉರಿಯುತ್ತದೆ. ಆಕಾರದ ಕೊರತೆಯನ್ನು ರಸಾಯನ ತುಂಬಿಕೊಡುತ್ತದೆ.

ಗುಂಡಿನ ವೇಗವೂ ಶಿಖರ ಒತ್ತಡವೂ ನಿಗದಿತ ಮಿತಿಯಲ್ಲೇ ಇದ್ದವು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ಎಂ-16 ತನ್ನ ಯಂತ್ರವನ್ನು ನಡೆಸಲು ನಳಿಗೆಯ ಒಂದು ರಂಧ್ರದಿಂದ ಸ್ವಲ್ಪ ಅನಿಲವನ್ನು ಹಿಂದಕ್ಕೆ ಹಾಯಿಸಿಕೊಳ್ಳುತ್ತದೆ. ಹೊಸ ಮದ್ದಿನಲ್ಲಿ ಗುಂಡು ಆ ರಂಧ್ರವನ್ನು ದಾಟುವ ಹೊತ್ತಿನ ಒತ್ತಡ ಹಿಂದಿಗಿಂತ ಹೆಚ್ಚಾಗಿತ್ತು. ಯಂತ್ರ ವಿನ್ಯಾಸಕ್ಕಿಂತ ವೇಗವಾಗಿ ಓಡಿತು. ಖಾಲಿ ತೋಟಾ ಇನ್ನೂ ನಳಿಗೆಯ ಬುಡಕ್ಕೆ ಅಂಟಿಕೊಂಡಿರುವಾಗಲೇ ಅದನ್ನು ಎಳೆಯುವ ಪ್ರಯತ್ನ ನಡೆದು ರೈಫಲ್ ಸಿಲುಕಿಕೊಳ್ಳುತ್ತಿತ್ತು. ಮದ್ದಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಅನಿಲದ ಕೊಳವೆಯಲ್ಲಿ ಗಸಿಯನ್ನೂ ಕಟ್ಟುತ್ತಿತ್ತು. ನಳಿಗೆಗೆ ಕ್ರೋಮಿಯಂ ಲೇಪನ ಇಲ್ಲದಿದ್ದುದು, ಸೈನಿಕರಿಗೆ ಸ್ವಚ್ಛಗೊಳಿಸುವ ಸಲಕರಣೆ ಮತ್ತು ತರಬೇತಿ ಸಾಲದಿದ್ದುದು ಪರಿಸ್ಥಿತಿಯನ್ನು ಬಿಗಡಾಯಿಸಿತು. ಕಾಳಗದ ನಡುವೆ ರೈಫಲ್ ಸಿಲುಕಿ ಸೈನಿಕರು ಜೀವ ತೆತ್ತರು. ಸಂಸದ ರಿಚರ್ಡ್ ಇಕಾರ್ಡ್ ನೇತೃತ್ವದ ಸಂಸದೀಯ ಉಪಸಮಿತಿ 1967ರಲ್ಲಿ ನೀಡಿದ ವರದಿಯು ಸಾಕಷ್ಟು ಪರೀಕ್ಷೆಯಿಲ್ಲದೆ ಮದ್ದನ್ನು ಬದಲಿಸಿದ್ದನ್ನು ಕಟುವಾಗಿ ಟೀಕಿಸಿತು. ಬಳಿಕ ಯಂತ್ರದ ವೇಗ ತಗ್ಗಿಸುವ ಬಿಡಿಭಾಗ, ಕ್ರೋಮಿಯಂ ಲೇಪನ ಮತ್ತು ಸುಧಾರಿತ ಮದ್ದು ಬಂದವು. ಗುಂಡನೆಯ ಕಾಳನ್ನು ಮಾತ್ರ ಕೈಬಿಡಲಿಲ್ಲ. ಆಯುಧವನ್ನು ಅದಕ್ಕೆ ಹೊಂದಿಸಲಾಯಿತು. ಈ ವರದಿಗಾರನ ಅಭಿಪ್ರಾಯದಲ್ಲಿ, ತಪ್ಪು ಗುಂಡನೆಯ ಕಾಳಿನದಲ್ಲ; ವೇಗ ಮತ್ತು ಶಿಖರ ಎಂಬ ಎರಡು ಅಂಕಿಗಳು ಹೊಂದಿದರೆ ಮದ್ದೂ ಹೊಂದಿದಂತೆ ಎಂದುಕೊಂಡ ಅವಸರದ್ದು.

ಒಡೆದ ಕಾಳು, ತಪ್ಪಿದ ಮದ್ದು

ಆಕಾರವನ್ನು ನಂಬಿ ಲೆಕ್ಕ ಹಾಕಿದ ಮೇಲೆ ಆ ಆಕಾರ ಕೊನೆಯವರೆಗೂ ಉಳಿಯಬೇಕು. ಕಾಳು ಒಡೆದರೆ ಹೊಸ ಮೇಲ್ಮೈ ತೆರೆದುಕೊಂಡು ಒತ್ತಡ ಜಿಗಿಯುತ್ತದೆ. ತೀವ್ರ ಚಳಿಯಲ್ಲಿ ಕಾಳುಗಳು ಪೆಡಸಾಗಿ ಬಿರುಕು ಬಿಡುವುದೂ ಉಂಟು. ಆದ್ದರಿಂದಲೇ ಸೇನಾ ಮದ್ದನ್ನು ಶೀತ, ಉಷ್ಣ ಎರಡರಲ್ಲಿಯೂ ಪರೀಕ್ಷಿಸಲಾಗುತ್ತದೆ. 1989ರ ಏಪ್ರಿಲ್ 19ರಂದು ಅಮೆರಿಕದ ‘ಅಯೋವಾ’ ಯುದ್ಧನೌಕೆಯ 16 ಅಂಗುಲದ ಫಿರಂಗಿ ಗೋಪುರದಲ್ಲಿ ಮದ್ದಿನ ಚೀಲಗಳು ಹೊತ್ತಿ 47 ನಾವಿಕರು ಸತ್ತ ಪ್ರಕರಣದಲ್ಲಿ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ ಎತ್ತಿ ತೋರಿಸಿದ ಸಾಧ್ಯತೆ ಇಂತಹುದೇ: ಚೀಲಗಳನ್ನು ವೇಗವಾಗಿ ಒಳದೂಡಿದಾಗ ಕೆಲವು ಕಾಳುಗಳು ಮುರಿದು ಕಿಡಿ ಹುಟ್ಟಿರಬಹುದು. ನೌಕಾಪಡೆ ಇದನ್ನು ಒಪ್ಪಲಿಲ್ಲ. ಮೊದಲು ಸತ್ತ ನಾವಿಕನೊಬ್ಬನ ಮೇಲೆ ಹೊರಿಸಿದ್ದ ಆರೋಪವನ್ನು 1991ರಲ್ಲಿ ಹಿಂದೆಗೆದುಕೊಂಡು, ನಿಖರ ಕಾರಣ ನಿರ್ಧರಿಸಲಾಗದು ಎಂದಿತು.

ನಮ್ಮ ರಾಜ್ಯದ ಕೊಡಗು, ಮಲೆನಾಡಿನ ಮನೆಗಳಲ್ಲಿ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗಳು ಇನ್ನೂ ಇವೆ. ಅವುಗಳ ನಳಿಗೆ ಕರಿಮದ್ದಿನ ಒತ್ತಡಕ್ಕೆಂದು ಮಾಡಿದ್ದು. ಆಧುನಿಕ ತೋಟಾದಿಂದ ತೆಗೆದ ಹೊಗೆರಹಿತ ಮದ್ದನ್ನು ಅದೇ ಅಳತೆಯಲ್ಲಿ ಇವಕ್ಕೆ ತುಂಬಿದರೆ ಒತ್ತಡ ನಳಿಗೆಯ ತಾಳಿಕೆಯನ್ನು ಮೀರಿ, ಕೋವಿ ಹಿಡಿದವನ ಮುಖದೆದುರೇ ಒಡೆಯುತ್ತದೆ. ಒಂದು ಕೋವಿಯ ಮದ್ದನ್ನು, ಬಣ್ಣ ಮತ್ತು ಕಾಳು ನೋಡಲು ಒಂದೇ ತೆರನಾಗಿದೆಯೆಂದು, ಇನ್ನೊಂದಕ್ಕೆ ಬಳಸುವುದೂ ಅಷ್ಟೇ ಅಪಾಯಕರ. ತಡೆ ರಾಸಾಯನಿಕ ಕಾಳಿನೊಳಗೆ ಎಷ್ಟು ಇಳಿದಿದೆ, ತೂತಿನ ಗೋಡೆ ಎಷ್ಟು ದಪ್ಪವಿದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ.